ಒಂದು ಗುಡಿಸಿನ ಬೆಲೆ

ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆಗಳ ಹೊಸ್ತಿಲನ್ನು ದಾಟುವ ಕನ್ನಡ ಬರಹ ಯಾವುದು? ಸಾಹಿತ್ಯದ ವಿದ್ಯಾರ್ಥಿಗಳು ಗದುಗಿನ ಭಾರತವೆಂದೋ ವಚನಗಳೆಂದೋ ಉತ್ತರ ಹೇಳಿಯಾರು. ಪತ್ರಿಕೆಯ ವಾಚಕರು ತಮ್ಮ ಕೈಯಲ್ಲಿರುವ ಈ ಹಾಳೆಯನ್ನೇ ತೋರಿಸಿಯಾರು. ಆದರೆ ಕಾವ್ಯವೂ ಪತ್ರಿಕೆಯೂ ಕಾಲಿಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಗಳಿಗೂ ತಪ್ಪದೆ ಬರುವ ಬರಹವೊಂದಿದೆ: ಅದು ಶಾಲೆಯಿಂದ ಬರುವ ಚೀಟಿ. ಪೋಷಕರ ಸಭೆ ಎಂದು, ಪರೀಕ್ಷೆಯ ಶುಲ್ಕ ಎಷ್ಟು, ಲಸಿಕೆ ಹಾಕುವವರು ಯಾವ ದಿನ ಬರುತ್ತಾರೆ, ಪ್ರವಾಸಕ್ಕೆ ಮಗುವನ್ನು ಕಳುಹಿಸಲು ಒಪ್ಪಿಗೆಯುಂಟೆ ಇಲ್ಲವೆ—ಇವನ್ನೆಲ್ಲ ತಿಳಿಸುವ ನಾಲ್ಕಾರು ಸಾಲುಗಳ ಆ ಕಾಗದವನ್ನು ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಆದರೆ ಓದುವವರ ಶ್ರದ್ಧೆಯಿಂದ ಬರಹವನ್ನು ಅಳೆಯುವುದಾದರೆ ಅದಕ್ಕೆ ಸಾಟಿಯಾದುದು ಇನ್ನೊಂದಿಲ್ಲ. ಕಾದಂಬರಿಯನ್ನು ನಾವು ಪುಟ ಹಾರಿಸಿ ಓದುವುದುಂಟು. ಮಗುವಿನ ಶಾಲೆಯ ಚೀಟಿಯನ್ನು ತಾಯಿ ಎರಡು ಸಲ ಓದುತ್ತಾಳೆ.

ಈ ಚೀಟಿಯ ರೂಪ ಈಚೆಗೆ ಬದಲಾಗಿದೆ. ಮೊದಲು ಅದು ಉಪಾಧ್ಯಾಯರು ಕೈಯಾರೆ ಬರೆದ ಒಕ್ಕಣೆಯಾಗಿತ್ತು. ಆಮೇಲೆ ಗಣಕದಲ್ಲಿ ಅಚ್ಚಾದ ಹಾಳೆಯಾಯಿತು. ೨೦೨೦ರಲ್ಲಿ ಕೋವಿಡ್ ವ್ಯಾಧಿ ಶಾಲೆಗಳ ಬಾಗಿಲನ್ನು ಮುಚ್ಚಿಸಿದ ಮೇಲೆ ಅದು ಮೊಬೈಲಿನ ವಾಟ್ಸಾಪ್ ಗುಂಪಿಗೆ ಏರಿತು. ಶಾಲೆ ಮತ್ತೆ ತೆರೆದರೂ ಅಲ್ಲಿಂದ ಇಳಿಯಲಿಲ್ಲ. ಹಿಂದೆ ಒಂದು ಸೂಚನೆ ಹೊರಡಬೇಕಾದರೆ ಒಬ್ಬರು ಬರೆದು, ಇನ್ನೊಬ್ಬರು ನೋಡಿ, ಮುಖ್ಯೋಪಾಧ್ಯಾಯರು ರುಜು ಹಾಕಬೇಕಾಗುತ್ತಿತ್ತು. ಈಗ ಒಂದು ಹೆಬ್ಬೆರಳು ಸಾಕು. ವೇಗ ಹೆಚ್ಚಿತು, ತಿದ್ದುವ ಕೈ ಹಿಂದೆ ಉಳಿಯಿತು.

ಪರಿಣಾಮವೇನೆಂಬುದನ್ನು ಮಕ್ಕಳಿರುವ ಮನೆಯವರೆಲ್ಲ ಬಲ್ಲರು. ವಿದ್ಯಾರ್ಥಿಯು ‘ವಿಧ್ಯಾರ್ಥಿ’ಯಾಗಿ ಎಷ್ಟು ಕಾಲವಾಯಿತೆಂದರೆ, ಸರಿಯಾದ ರೂಪವನ್ನು ಕಂಡವರು ಅದೇ ತಪ್ಪೇನೋ ಎಂದು ಸಂಶಯಪಡುವಂತಾಗಿದೆ. ಪರೀಕ್ಷೆಯ ದೀರ್ಘ ಮಾಯವಾಗಿ ‘ಪರಿಕ್ಷೆ’ಯಾಗಿದೆ. ಆಶೀರ್ವಾದದ ಅರ್ಕಾವೊತ್ತು ತನ್ನ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ ‘ಆರ್ಶೀವಾದ’ವಾಗಿದೆ. ಪ್ರೋತ್ಸಾಹಧನವು ‘ಪ್ರೋತ್ಸಾಹದನ’ವಾಗಿ ಬಂದಾಗ, ಹಣಕ್ಕೆ ಕಾದಿದ್ದ ಬಡ ತಂದೆ ತನ್ನ ಕೊಟ್ಟಿಗೆಯ ಕಡೆ ನೋಡಬೇಕಾಗುತ್ತದೆ. ವಾರ್ಷಿಕೋತ್ಸವಕ್ಕೆ ನೆರವಾದವರಿಗೆ ಆಡಳಿತ ಮಂಡಲಿಯವರು ‘ಕೃತಜ್ಞ’ರೆಂದು ಹೇಳಹೊರಟು ‘ಕೃತಘ್ನ’ರೆಂದು ಒಪ್ಪಿಕೊಂಡುಬಿಡುವುದೂ ಉಂಟು. ಆದರದ ಸ್ವಾಗತಕ್ಕೆ ಹಕಾರವೊಂದು ಬಂದು ಅಂಟಿಕೊಂಡರೆ ಆಗುವ ಅನರ್ಥವನ್ನು ಇಲ್ಲಿ ಬಿಡಿಸಿ ಬರೆಯುವಂತಿಲ್ಲ.

ಇವನ್ನು ಕಂಡು ನಗುವುದು ಸುಲಭ. ಅಧ್ಯಾಪಕರ ಕೊಠಡಿಯಲ್ಲಿ ಇಂಥ ಚೀಟಿಯೊಂದು ಕೈಯಿಂದ ಕೈಗೆ ಹೋದರೆ ಅರ್ಧ ಗಂಟೆಯ ವಿನೋದಕ್ಕೆ ಕೊರತೆಯಿಲ್ಲ. ಆದರೆ ಆ ನಗೆಯಲ್ಲಿ ಒಂದು ಮೋಸವಿದೆ. ಯಾರು ತಪ್ಪನ್ನು ಕಂಡುಹಿಡಿದು ನಗಬಲ್ಲರೋ ಅವರಿಗೆ ಆ ತಪ್ಪಿನಿಂದ ನಷ್ಟವಾಗುವುದಿಲ್ಲ. ಸರಿಯಾದುದನ್ನು ಅವರು ಮನಸ್ಸಿನಲ್ಲಿಯೇ ತುಂಬಿಕೊಂಡು ಮುಂದೆ ಹೋಗುತ್ತಾರೆ. ನಷ್ಟವಾಗುವುದು ತಪ್ಪನ್ನು ತಪ್ಪೆಂದು ಗುರುತಿಸಲಾರದವರಿಗೆ. ಆದ್ದರಿಂದ ಈ ವಿಷಯವನ್ನು ಭಾಷಾಶುದ್ಧಿಯ ಪೀಠದ ಮೇಲಿಂದ ನೋಡುವುದನ್ನು ಬಿಟ್ಟು, ಓದುವವರ ಜಗಲಿಯ ಮೇಲೆ ಕುಳಿತು ನೋಡಬೇಕು. ಹಾಗೆ ನೋಡಿದರೆ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲವೆಂಬುದು ಗೊತ್ತಾಗುತ್ತದೆ. ಕೆಲವು ನಾಲಗೆಯಿಂದ ಬಂದವು, ಕೆಲವು ಬೆರಳಿನಿಂದ ಬಂದವು, ಕೆಲವು ಮನಸ್ಸಿನಿಂದ ಬಂದವು.

ನಾಲಗೆಯ ತಪ್ಪನ್ನು ಮೊದಲು ನೋಡೋಣ. ಮಹಾಪ್ರಾಣ ಅಲ್ಪಪ್ರಾಣಗಳ ಗೊಂದಲ, ಶಕಾರ ಷಕಾರಗಳ ಗೊಂದಲ, ಅಕಾರ ಹಕಾರಗಳ ಗೊಂದಲ—ಇವು ಆಡುವ ಮಾತು ಬರೆಯುವ ಮಾತಿನೊಳಕ್ಕೆ ನುಗ್ಗಿದ್ದರಿಂದ ಆದವು. ಇದು ಹೊಸ ಸಂಗತಿಯಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿ ಮಾಡಿ ಕೊಟ್ಟನು. ಜನರ ನಾಲಗೆಯ ಮೇಲೆ ಸ್ಥಿರವಾಗಿ ನಿಂತ ಅಕ್ಷರಕ್ಕೆ ಪಟ್ಟಿ ಯಾಕೆ ಬೇಕು? ಆಗಲೇ ಅದು ಜಾರತೊಡಗಿತ್ತೆಂದು ತೋರುತ್ತದೆ. ಕಾಲಕ್ರಮದಲ್ಲಿ ೞಕಾರವೂ ಹೋಯಿತು, ಱಕಾರವೂ ಹೋಯಿತು, ಕನ್ನಡ ಉಳಿಯಿತು. ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು, ಬಹುಜನರ ಉಚ್ಚಾರಣೆಯಲ್ಲಿ ಇಲ್ಲದ ಮಹಾಪ್ರಾಣಗಳು ಬರಹದಲ್ಲಿಯೂ ಬೇಡವೆಂದು ವಾದಿಸಿ, ಹಾಗೆಯೇ ಪುಸ್ತಕಗಳನ್ನೂ ಬರೆದರು. ಅವರ ವಾದವನ್ನು ಒಪ್ಪದವರು ಕೂಡ ಒಂದು ಮಾತನ್ನು ಒಪ್ಪಲೇಬೇಕು: ‘ವಿಧ್ಯಾರ್ಥಿ’ ಎಂದು ಬರೆದವರು ತಿಳಿಯದೆ ಬರೆದಿರುತ್ತಾರೆ, ಶಂಕರ ಭಟ್ಟರು ತಿಳಿದು ಬಿಟ್ಟರು, ಮೊದಲಿನಿಂದ ಕೊನೆಯವರೆಗೆ ಒಂದೇ ಬಗೆಯಾಗಿ ಬಿಟ್ಟರು. ಅಂತೂ ನಾಲಗೆಯ ತಪ್ಪಿನಿಂದ ಬರೆದವರ ಮರ್ಯಾದೆಗೆ ಕುಂದು ಬರಬಹುದು. ಓದುವವರು ಬಹುಮಟ್ಟಿಗೆ ಬದುಕಿಕೊಳ್ಳುತ್ತಾರೆ. ‘ವಿಧ್ಯಾರ್ಥಿ’ಗಳು ಬೆಳಗ್ಗೆ ೯ ಗಂಟೆಗೆ ಬರಬೇಕೆಂದರೆ ಮಕ್ಕಳು ೯ ಗಂಟೆಗೇ ಬರುತ್ತಾರೆ.

ಬೆರಳಿನ ತಪ್ಪು ಹಾಗಲ್ಲ. ಇಲ್ಲಿ ಕನ್ನಡದ ಒಂದು ಸ್ವಭಾವವನ್ನು ಗಮನಿಸಬೇಕು. ನಿಷೇಧವನ್ನು ಹೇಳಲು ಇಂಗ್ಲಿಷಿನಂಥ ಭಾಷೆಗಳು ಒಂದು ಬೇರೆಯ ಪದವನ್ನೇ ಇಡುತ್ತವೆ. ಅದು ದೂರದಿಂದಲೇ ಕಾಣುತ್ತದೆ. ಕನ್ನಡವು ಅನೇಕ ಕಡೆಗಳಲ್ಲಿ ನಿಷೇಧವನ್ನು ಕ್ರಿಯಾಪದದ ಹೊಟ್ಟೆಯೊಳಗೆ ಅಡಗಿಸುತ್ತದೆ. ‘ಶುಲ್ಕ ಕಟ್ಟಿದ ಮಕ್ಕಳು’, ‘ಶುಲ್ಕ ಕಟ್ಟದ ಮಕ್ಕಳು’—ಎರಡಕ್ಕೂ ಇರುವ ಅಂತರ ಒಂದು ಗುಡಿಸು. ‘ಅರ್ಜಿ ಸಲ್ಲಿಸಿದವರು’, ‘ಅರ್ಜಿ ಸಲ್ಲಿಸದವರು’. ‘ಲಸಿಕೆ ಹಾಕಿಸಿದ ಮಕ್ಕಳನ್ನು ಕರೆತನ್ನಿ’, ‘ಲಸಿಕೆ ಹಾಕಿಸದ ಮಕ್ಕಳನ್ನು ಕರೆತನ್ನಿ’. ಅಕ್ಷರದ ತಲೆಯ ಮೇಲಿನ ಆ ಸಣ್ಣ ಸುತ್ತು ಬಿದ್ದುಹೋದರೆ ಹೌದು ಎಂಬುದು ಅಲ್ಲ ಎಂದಾಗುತ್ತದೆ. ಎರಡೂ ಶುದ್ಧವಾದ ಕನ್ನಡ ರೂಪಗಳೇ ಆದ್ದರಿಂದ ತಪ್ಪು ಹುಡುಕುವ ಯಂತ್ರವೂ ಅದರ ಮುಂದೆ ಸುಮ್ಮನಿರುತ್ತದೆ. ‘ನಾಳೆ ಶುಲ್ಕ ಕಟ್ಟಿದ ಮಕ್ಕಳು ತರಗತಿಯ ಹೊರಗೆ ನಿಲ್ಲಬೇಕಾಗುತ್ತದೆ’ ಎಂಬ ಸೂಚನೆ ಬಂದರೆ, ತಿಳಿದವರು ನಕ್ಕು ಸರಿಪಡಿಸಿಕೊಳ್ಳುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟಿದ ತಾಯಿ ರಾತ್ರಿಯೆಲ್ಲ ಯೋಚಿಸುತ್ತಾಳೆ.

ಆ ತಾಯಿ ಎಲ್ಲಿದ್ದಾಳೆಂದು ಕೇಳುವವರು ನಮ್ಮ ಜಿಲ್ಲೆಯ ವಸಂತನರಸಾಪುರಕ್ಕೆ ಹೋಗಿ ನೋಡಬಹುದು. ತುಮಕೂರಿನಿಂದ ಶಿರಾದ ಕಡೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಹಿಂದೆ ಹೊಲಗಳಿದ್ದ ನೆಲದಲ್ಲಿ, ಈಗ ದೊಡ್ಡದೊಂದು ಕೈಗಾರಿಕಾ ಪ್ರದೇಶವೆದ್ದಿದೆ. ೨೦೧೪ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿಗಳು ಬಂದು ಅಲ್ಲಿನ ಆಹಾರ ಸಂಸ್ಕರಣೆಯ ಉದ್ಯಾನವನ್ನು ಉದ್ಘಾಟಿಸಿದರು. ಇಂಥ ಕಡೆ ಬದುಕು ನಡೆಯುವುದು ಪಾಳಿಯ ಲೆಕ್ಕದಲ್ಲಿ. ಸುತ್ತಿನ ಹಳ್ಳಿಗಳ ಗಂಡಸರೂ ಹೆಂಗಸರೂ ಗಡಿಯಾರಕ್ಕೆ ಕಟ್ಟಿಕೊಂಡು ದುಡಿಯುತ್ತಾರೆ. ಹೊಲದ ಕೆಲಸವನ್ನಾದರೆ ಬೆಳಗ್ಗೆ ಬಿಟ್ಟು ಸಂಜೆ ಮಾಡಬಹುದು; ಕಾರ್ಖಾನೆಯ ಪಾಳಿ ಹಾಗೆ ಕಾಯುವುದಿಲ್ಲ. ಶಾಲೆಯ ಸೂಚನೆಯಲ್ಲಿ ‘ದಿನಾಂಕ ೧೫, ಶನಿವಾರ’ ಎಂದಿದ್ದು, ಪಂಚಾಂಗದಲ್ಲಿ ೧೫ ಶುಕ್ರವಾರವಾಗಿದ್ದರೆ, ಆ ಪೋಷಕರು ತಾರೀಖನ್ನು ನಂಬಬೇಕೋ ವಾರವನ್ನು ನಂಬಬೇಕೋ? ತಪ್ಪಾದುದನ್ನು ನಂಬಿದರೆ ಒಂದು ದಿನದ ಕೂಲಿ ಹೋಯಿತು, ಸಭೆಯೂ ತಪ್ಪಿತು. ‘ಈ ಪೋಷಕರಿಗೆ ಮಕ್ಕಳ ವಿದ್ಯೆಯಲ್ಲಿ ಆಸಕ್ತಿಯಿಲ್ಲ’ ಎಂಬ ಮಾತೊಂದು ಮೇಲಿನ ಲಾಭ. ತಪ್ಪು ಬರೆದವರು ಶಾಲೆಯವರು. ದಂಡ ತೆತ್ತವರು ಬೇರೆಯವರು.

ಇಂಥ ಮನೆಗಳಲ್ಲಿ ಓದುವ ರೀತಿಯೂ ಬೇರೆ. ಚೀಟಿಯನ್ನು ತಾಯಿ ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಾಳೆ. ವೇಗವಾಗಿ ಓದಬಲ್ಲವರು ಪದದ ಒಟ್ಟು ರೂಪವನ್ನು ನೋಡುತ್ತಾರೆ. ಒಂದು ಅಕ್ಷರ ಕೆಟ್ಟರೂ ಪದ ಕೆಡುವುದಿಲ್ಲ. ಕೂಡಿಸಿ ಓದುವವರಿಗೆ ಅಕ್ಷರವೇ ಆಧಾರ. ಒಂದು ಕೆಟ್ಟರೆ ಇಡೀ ಪದ ಕುಸಿಯುತ್ತದೆ. ಆಗ ಅವಳು ಚೀಟಿಯನ್ನು ಮಗನ ಕೈಗೆ ಕೊಟ್ಟು, ‘ಏನು ಬರೆದಿದ್ದಾರೆ ಓದಪ್ಪ’ ಎನ್ನುತ್ತಾಳೆ. ಅಲ್ಲಿಗೆ ಶಾಲೆಗೂ ಮನೆಗೂ ನಡುವೆ ದುಭಾಷಿಯಾಗಿ ನಿಂತವನು ಮಗನೇ ಆದ. ಚೀಟಿಯಲ್ಲಿರುವುದು ಅವನ ಗೈರುಹಾಜರಿಯ ವಿಷಯವಾಗಿದ್ದರೆ, ಆ ದುಭಾಷಿಯ ಅನುವಾದ ಹೇಗಿರುತ್ತದೆಂದು ವಾಚಕರೇ ಊಹಿಸಬಹುದು. ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಸ್ಪಷ್ಟವಾದ ಬರಹವನ್ನು ಅರ್ಥಮಾಡಿಕೊಳ್ಳಲಾಗದಿದ್ದಾಗ ಬಡವರು ಬರಹವನ್ನು ದೂರುವುದಿಲ್ಲ, ತಮ್ಮನ್ನೇ ದೂರಿಕೊಳ್ಳುತ್ತಾರೆ. ‘ನಮಗೆ ಓದು ಬರೋದಿಲ್ಲ ಸ್ವಾಮಿ’ ಎನ್ನುತ್ತಾರೆ. ಶಾಲೆಯ ಅಜಾಗರೂಕತೆ ಮನೆಯ ಅವಮಾನವಾಗುತ್ತದೆ. ಮಗ ಅದನ್ನು ನೋಡುತ್ತಾ ನಿಂತಿರುತ್ತಾನೆ.

ಮೂರನೆಯದು ಮನಸ್ಸಿನ ತಪ್ಪು. ಇದರಲ್ಲಿ ಒಂದು ಅಕ್ಷರವೂ ಕೆಟ್ಟಿರಬೇಕಾಗಿಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ದಿನಾಂಕದೊಳಗೆ ದಾಖಲಾತಿಗಳನ್ನು ಸಲ್ಲಿಸುವಂತೆ ಈ ಮೂಲಕ ಸೂಚಿಸಲಾಗಿದ್ದು, ತಪ್ಪಿದ್ದಲ್ಲಿ ಮುಂದಿನ ಕ್ರಮಕ್ಕೆ ತಾವೇ ಜವಾಬ್ದಾರರಾಗಿರುತ್ತೀರಿ’ ಎಂಬ ವಾಕ್ಯವನ್ನು ನೋಡಿ. ಕಾಗುಣಿತ ಶುದ್ಧವಾಗಿದೆ. ಆದರೆ ಸೂಚಿಸಿದವರು ಯಾರು? ಯಾವ ದಾಖಲೆ? ಯಾರಿಗೆ ಕೊಡಬೇಕು? ಮುಂದಿನ ಕ್ರಮವೆಂದರೆ ಏನು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಹೊಣೆಗಾರರು ಮಾತ್ರ ಇದ್ದಾರೆ, ಅವರು ಪೋಷಕರು! ಇದು ಕಚೇರಿಯಿಂದ ಕಚೇರಿಗೆ ಹೋಗುವ ಕಾಗದದ ಧಾಟಿ. ಮೇಲಿನಿಂದ ಬಂದ ಸುತ್ತೋಲೆಯ ತಲೆಯನ್ನು ಮಾತ್ರ ಕತ್ತರಿಸಿ ದೇಹವನ್ನು ಹಾಗೆಯೇ ಪೋಷಕರ ಮನೆಗೆ ಸಾಗಿಸಿದ್ದಾರೆ. ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. ೧೯೪೮ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಗೌವರ್ಸ್ ಎಂಬ ಹಿರಿಯ ಅಧಿಕಾರಿ, ಸರ್ಕಾರದ ನೌಕರರು ಜನರಿಗೆ ಅರ್ಥವಾಗುವಂತೆ ಬರೆಯುವುದು ಹೇಗೆಂಬುದನ್ನು ತಿಳಿಸಲು ‘ಪ್ಲೇನ್ ವರ್ಡ್ಸ್’ ಎಂಬ ಕಿರುಪುಸ್ತಕವನ್ನು ಬರೆದನು. ಅದನ್ನು ಬರೆಯಿಸಿದ್ದು ಅಲ್ಲಿಯ ಖಜಾನೆಯ ಇಲಾಖೆ. ಅಸ್ಪಷ್ಟತೆಗೂ ಹಣ ಖರ್ಚಾಗುತ್ತದೆಂಬುದು ಲೆಕ್ಕ ಬಲ್ಲವರಿಗೆ ಬೇಗ ತಿಳಿಯುತ್ತದೆ.

ಮನಸ್ಸಿನ ತಪ್ಪು ಎಂಥ ಅಪಾಯಕ್ಕೆ ದಾರಿ ಮಾಡಬಲ್ಲುದೆಂಬುದನ್ನು ೨೦೧೭ರ ಫೆಬ್ರವರಿಯಲ್ಲಿ ಕಂಡೆವು. ಆ ತಿಂಗಳು ಕರ್ನಾಟಕದಲ್ಲಿ ಒಂಬತ್ತು ತಿಂಗಳಿನಿಂದ ೧೫ ವರ್ಷದವರೆಗಿನ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕುವ ದೊಡ್ಡ ಅಭಿಯಾನ ನಡೆಯಿತು. ಮಕ್ಕಳನ್ನು ತಲಪಲು ಶಾಲೆಯೇ ಮುಖ್ಯ ದ್ವಾರವಾಗಿತ್ತು. ಅದೇ ಸಮಯದಲ್ಲಿ ಲಸಿಕೆಯಿಂದ ಕೇಡಾಗುತ್ತದೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಅನೇಕ ತಂದೆತಾಯಿಗಳು ಹಿಂಜರಿದರು. ವದಂತಿಯ ಕನ್ನಡವನ್ನು ವಾಚಕರು ಗಮನಿಸಿದ್ದಾರೆಯೆ? ಅದರಲ್ಲಿ ಕರ್ತೃವಿರುತ್ತಾನೆ, ಕರ್ಮವಿರುತ್ತದೆ, ಕ್ರಿಯೆ ಬೇಗ ಬರುತ್ತದೆ. ‘ನಿಮ್ಮ ಮಗುವಿಗೆ ಸೂಜಿ ಹಾಕಿಸಬೇಡಿ’ ಎಂದು ಅದು ನೇರವಾಗಿ ಹೇಳುತ್ತದೆ. ಅದರ ಎದುರಿಗೆ ‘ಅಭಿಯಾನವನ್ನು ಹಮ್ಮಿಕೊಳ್ಳಲಾಗಿದ್ದು ಪೋಷಕರು ಸಹಕರಿಸಲು ಕೋರಲಾಗಿದೆ’ ಎಂಬ ಸರ್ಕಾರಿ ಧಾಟಿ ನಿಂತರೆ, ಗೆಲುವು ಯಾರದು? ಸುಳ್ಳು ಮನೆಯ ಮಾತಿನಲ್ಲಿಯೂ ಸತ್ಯ ಕಚೇರಿಯ ಮಾತಿನಲ್ಲಿಯೂ ಬಂದರೆ ಜನ ಮನೆಯ ಮಾತನ್ನು ನಂಬುವುದು ಸಹಜ.

ಇಷ್ಟಾದರೂ ತಪ್ಪಿನ ಭಾರವನ್ನೆಲ್ಲ ಉಪಾಧ್ಯಾಯರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಪಾಠ ಹೇಳುವುದರ ಜೊತೆಗೆ ಅಕ್ಷರದಾಸೋಹದ ಲೆಕ್ಕ, ಹಾಲು ಮೊಟ್ಟೆಗಳ ಲೆಕ್ಕ, ಮಕ್ಕಳ ವಿವರಗಳನ್ನು ಗಣಕಕ್ಕೆ ತುಂಬುವ ಕೆಲಸ—ಇವೆಲ್ಲ ಅವರವೇ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಬೋಧನೇತರ ಕೆಲಸಗಳಿಗೆ ಅವರನ್ನು ಬಳಸಬಾರದೆಂದು ಹೇಳಿದರೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳನ್ನು ಅಪವಾದವಾಗಿ ಉಳಿಸಿದೆ. ಇದರ ಮೇಲೆ ಯಂತ್ರದ ಕಾಟ ಬೇರೆ. ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿದ ಸೂಚನೆಯು ಯೂನಿಕೋಡ್ ರೂಪಕ್ಕೆ ತಿರುಗದೆ ಮೊಬೈಲಿಗೆ ಹೋದರೆ, ಅಲ್ಲಿ ಕನ್ನಡದ ಬದಲು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಪರಿವರ್ತನೆ ಮಾಡಿದರೂ ಒತ್ತಕ್ಷರಗಳು ಕೆಲವೊಮ್ಮೆ ಕದಲುತ್ತವೆ. ಮೊಬೈಲಿನ ಕೀಲಿಮಣೆ ನಮಗಿಂತ ಮೊದಲೇ ಪದವನ್ನು ಊಹಿಸಿ ಕೊಡುತ್ತದೆ. ಅವಸರದ ಬೆರಳು ಅದನ್ನು ಒಪ್ಪಿಕೊಳ್ಳುತ್ತದೆ.

ಆದರೆ ಎಲ್ಲಕ್ಕಿಂತ ಆಳವಾದ ಕಾರಣ ಬೇರೊಂದಿದೆ: ಕನ್ನಡದಲ್ಲಿ ಬರೆದುದನ್ನು ಮತ್ತೊಮ್ಮೆ ಓದಿ ನೋಡಬೇಕೆಂಬ ಅಗತ್ಯವೇ ನಮಗೆ ತೋರದಿರುವುದು. ಇದು ಶಾಲೆಗಳಿಗೆ ಮಾತ್ರ ಹತ್ತಿದ ರೋಗವಲ್ಲ. ಕರ್ನಾಟಕ ಲೋಕಸೇವಾ ಆಯೋಗವು ೨೦೨೪ರ ಆಗಸ್ಟ್ ೨೭ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಅನುವಾದದೋಷದಿಂದ ಎಷ್ಟು ಕೆಟ್ಟಿದ್ದುವೆಂದರೆ, ಸರ್ಕಾರವು ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ ೨೯ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಅನುವಾದದ ತಪ್ಪುಗಳಿವೆಯೆಂದು ಅಭ್ಯರ್ಥಿಗಳು ಮತ್ತೆ ದೂರಿದರು. ಅಲ್ಲಿ ವರ್ಷಗಟ್ಟಲೆ ಓದಿದ ತರುಣರ ಭವಿಷ್ಯ ಪಣವಾಗಿತ್ತು. ಆದ್ದರಿಂದ ಕೂಗು ವಿಧಾನಸೌಧವನ್ನು ಮುಟ್ಟಿತು. ಶಾಲೆಯ ಚೀಟಿಗಾಗಿ ಕೂಗುವವರಿಲ್ಲ. ಆದರೆ ಎರಡು ಕಡೆಯೂ ಮೂಲದೋಷ ಒಂದೇ: ಕನ್ನಡ ಪ್ರತಿಯನ್ನು ಕನ್ನಡದಲ್ಲಿಯೇ ಓದುವವರು ಇದ್ದಾರೆಂಬುದು ಬರೆದವರಿಗೆ ನೆನಪಾಗಲಿಲ್ಲ.

ಇಂಗ್ಲಿಷ್ ಮಾಧ್ಯಮದ ಶಾಲೆಗಳ ಕಥೆ ಇನ್ನೂ ವಿಚಿತ್ರ. ಅವು ಪೋಷಕರಿಗೆ ಇಂಗ್ಲಿಷಿನಲ್ಲಿಯೇ ಬರೆಯುತ್ತವೆ. ಆ ಇಂಗ್ಲಿಷಿಗೂ ವ್ಯಾಕರಣಕ್ಕೂ ಎಷ್ಟೋ ವೇಳೆ ಮುಖ ನೋಡದಷ್ಟು ವಿರಸ. ತಪ್ಪಾದ ಇಂಗ್ಲಿಷನ್ನು ಇಂಗ್ಲಿಷ್ ಬಾರದ ಮನೆಗೆ ಕಳುಹಿಸುವುದರಲ್ಲಿ ಒಂದು ಅನುಕೂಲವುಂಟು: ತಪ್ಪು ಬೆಳಕಿಗೆ ಬರುವುದಿಲ್ಲ. ಕನ್ನಡದಲ್ಲಿ ಬರೆಯಲೇಬೇಕಾದ ಸಂದರ್ಭ ಬಂದಾಗ ಯಂತ್ರದ ಅನುವಾದವನ್ನು ಹಾಗೆಯೇ ಅಂಟಿಸುತ್ತಾರೆ. ಪಕ್ಕದ ಕೊಠಡಿಯಲ್ಲಿ ಕನ್ನಡದ ಉಪಾಧ್ಯಾಯರಿರುತ್ತಾರೆ. ಅವರನ್ನು ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದ ರಾಜ್ಯದ ಶಾಲೆಗಳೆಲ್ಲ ಮಕ್ಕಳಿಗೆ ಕನ್ನಡ ಕಲಿಸಬೇಕಾಗಿದೆ. ಮಗು ಕಲಿಯುವ ಕನ್ನಡವನ್ನು ಶಾಲೆಯೇ ಬಳಸದೆ, ಬಳಸಿದರೂ ಕೆಡಿಸಿ ಬಳಸಿದರೆ, ಆ ಕಲಿಕೆ ಅಂಕಪಟ್ಟಿಯ ಹೊರಗೆ ಎಲ್ಲಿ ನಿಂತೀತು? ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ‘ತುಮಕೂರು’ ಎಂಬ ಉಚ್ಚಾರಣೆಗೆ ಒಪ್ಪುವಂತೆ ಬರೆಯಬೇಕೆಂದು ೨೦೧೪ರ ನವೆಂಬರ್ ೧ರಿಂದ ಸರ್ಕಾರದ ಆಜ್ಞೆ ಜಾರಿಗೆ ಬಂತು. ಹೀಗೆ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿತು. ಅದಕ್ಕೆ ಕೇಂದ್ರದ ಒಪ್ಪಿಗೆಯನ್ನು ವರ್ಷಗಟ್ಟಲೆ ಕಾದೆವು. ಕನ್ನಡದ ಕಾಗುಣಿತ ತಿದ್ದಲು ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ.

ನಾವು ಕನ್ನಡದ ಅಧ್ಯಾಪಕರೂ ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸಬೇಕು. ವ್ಯಾಕರಣವನ್ನು ಕಲಿಸುತ್ತಿಲ್ಲವೆ? ಕಲಿಸುತ್ತಿದ್ದೇವೆ. ಈ ತುಮಕೂರು ಜಿಲ್ಲೆಗಂತೂ ವ್ಯಾಕರಣ ಪರಕೀಯವಲ್ಲ. ತಲೆಮಾರುಗಳ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು ೧೯೦೬ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದೆಂದು ೧೯೧೧ರಲ್ಲಿ ಧಾರವಾಡದಲ್ಲಿ ನಿಂತು ಕೇಳಿದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಕೊರತೆಯಿರುವುದು ವ್ಯಾಕರಣದಲ್ಲಲ್ಲ, ಅದನ್ನು ಕಲಿಸುವ ಗುರಿಯಲ್ಲಿ. ವಿಭಕ್ತಿ ಪ್ರತ್ಯಯಗಳನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ‘ಮಗುವಿನಿಂದ ಹಣ ಕಳುಹಿಸಿ’ ಎಂದರೂ ‘ಮಗುವಿನ ಕೈಯಲ್ಲಿ ಹಣ ಕಳುಹಿಸಿ’ ಎಂದರೂ ‘ಮಗುವಿಗೆ ಹಣ ಕಳುಹಿಸಿ’ ಎಂದರೂ ಓದುವವರು ಏನು ಮಾಡುತ್ತಾರೆಂದು ಯೋಚಿಸುವುದನ್ನು ಕಲಿಸುವುದಿಲ್ಲ. ಪರೀಕ್ಷೆಯಲ್ಲಿ ಪತ್ರಲೇಖನವಿದೆ, ಆದರೆ ಅದು ಇಲ್ಲದ ಊರಿನಿಂದ ಇಲ್ಲದ ಗೆಳೆಯನಿಗೆ ಬರೆಯುವ ಪತ್ರ. ಓದುವವರೇ ಇಲ್ಲದ ಪತ್ರವನ್ನು ಹತ್ತು ವರ್ಷ ಬರೆದ ಹುಡುಗ, ಮುಂದೆ ಉಪಾಧ್ಯಾಯನೋ ಗುಮಾಸ್ತನೋ ಆಗಿ, ಓದುವವರಿರುವ ಪತ್ರವನ್ನೂ ಹಾಗೆಯೇ ಬರೆಯುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಸಮಿತಿಯೂ ಬೇಡ, ಸುತ್ತೋಲೆಯೂ ಬೇಡ. ಚೀಟಿ ಹೊರಡುವ ಮೊದ­ಲು, ಅದನ್ನು ಬರೆಯದ ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕೇಳಿ, ಅದರಲ್ಲಿ ಏನು ಹೇಳಿದೆಯೆಂಬುದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಕೇಳುವವರು ಪಂಡಿತರಾಗಿರಬಾರದು. ಬಿಸಿಯೂಟದ ಅಡುಗೆಯವರು ಸಾಮಾನ್ಯವಾಗಿ ಅದೇ ಊರಿನ ತಾಯಂದಿರು. ಅವರಿಗಿಂತ ಒಳ್ಳೆಯ ಪರೀಕ್ಷಕರು ಸಿಕ್ಕುವುದಿಲ್ಲ. ಎಂದು, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಹಣ ಎಂಬ ನಾಲ್ಕು ಸಂಗತಿಗಳು ಮೊದಲ ಎರಡು ಸಾಲುಗಳಲ್ಲಿರಲಿ. ತಾರೀಖಿನ ಜೊತೆಗೆ ವಾರವನ್ನು ಪಂಚಾಂಗ ನೋಡಿ ಬರೆಯಲಿ. ‘ಕಟ್ಟದವರು’ ಎಂದು ಗುಡಿಸಿನ ಕೃಪೆಗೆ ಅರ್ಥವನ್ನು ಒಪ್ಪಿಸುವುದಕ್ಕಿಂತ ‘ಇನ್ನೂ ಕಟ್ಟಿಲ್ಲದವರು’ ಎಂದರೆ, ಒಂದು ಅಕ್ಷರ ಬಿದ್ದರೂ ಅರ್ಥ ಬೀಳುವುದಿಲ್ಲ. ‘ಸೂಚಿಸಲಾಗಿದೆ’ ಎಂಬುದರ ಬದಲು ‘ದಯವಿಟ್ಟು ಬನ್ನಿ’ ಎಂದು ಬರೆಯುವುದಕ್ಕೆ ಶಾಯಿಯೂ ಕಡಮೆ ಸಾಕು.

ಇನ್ನೂ ಒಂದು ಉಪಾಯವುಂಟು. ಅದು ನನಗೆ ಬಹಳ ಪ್ರಿಯವಾದದ್ದು. ಪ್ರೌಢಶಾಲೆಗಳಲ್ಲಿ ಸಾಧಾರಣ ಸೂಚನೆಗಳ ಕರಡನ್ನು ಒಂಬತ್ತನೆಯ ತರಗತಿಯ ಕನ್ನಡ ಪಾಠಕ್ಕೆ ಒಯ್ಯಬೇಕು. ‘ಇದನ್ನು ನಿಮ್ಮ ಅಜ್ಜಿ ಕೇಳಿದರೆ ಅರ್ಥವಾಗುತ್ತದೆಯೆ? ಎಲ್ಲಿ ಎಡವುತ್ತಾಳೆ? ತಿದ್ದಿ’ ಎಂದು ಮಕ್ಕಳಿಗೆ ಕೊಡಬೇಕು. ನಿಷೇಧರೂಪ, ಚತುರ್ಥೀ ವಿಭಕ್ತಿ, ಕರ್ಮಣಿ ಪ್ರಯೋಗ—ಇವು ಯಾತಕ್ಕೆ ಬೇಕೆಂಬ ಪ್ರಶ್ನೆ ಆ ತರಗತಿಯಲ್ಲಿ ಹುಟ್ಟುವುದಿಲ್ಲ. ಮನೆಯಲ್ಲಿ ತಾಯಿಗೆ ಚೀಟಿ ಓದಿ ಹೇಳುವ ಹುಡುಗಿಯೇ ಅದನ್ನು ತಿದ್ದಿದವಳಾದರೆ, ಅವಳ ತಲೆ ಸ್ವಲ್ಪ ಎತ್ತರದಲ್ಲಿರುತ್ತದೆ.

‘ಅರ್ಥವಾದರೆ ಸಾಕಲ್ಲವೆ? ಇದುವರೆಗೆ ಯಾವ ಪೋಷಕರೂ ದೂರಲಿಲ್ಲವಲ್ಲ’ ಎಂದು ಕೆಲವರು ಕೇಳುತ್ತಾರೆ. ಅರ್ಥವಾದರೆ ಸಾಕು, ನಿಜ. ಈ ಲೇಖನದ ಬೇಡಿಕೆಯೂ ಅಷ್ಟೆ. ಆದರೆ ಅರ್ಥವಾಯಿತೆಂಬುದಕ್ಕೆ ಮೌನ ಸಾಕ್ಷಿಯಲ್ಲ. ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೋ ಪೋಷಕರೋ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು ಎಂದು ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಶಾಲೆಯ ಯಜಮಾನಿಕೆಯಲ್ಲಿ ಪಾಲು ಕೊಟ್ಟು ಕರೆದವರನ್ನು ಅರ್ಥವಾಗದ ಕರೆಯೋಲೆಯಿಂದ ಬಾಗಿಲಲ್ಲಿಯೇ ನಿಲ್ಲಿಸುವುದು ಯಾವ ನ್ಯಾಯ? ವಸಂತನರಸಾಪುರದಂಥ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು, ನಿದ್ದೆಗಣ್ಣಿನಲ್ಲಿ ಮೊಬೈಲನ್ನು ದೂರ ಹಿಡಿದು, ಶಾಲೆಯ ನಾಲ್ಕು ಸಾಲುಗಳನ್ನು ಕೂಡಿಸಿ ಓದುತ್ತಾರೆ. ಆ ಸಾಲುಗಳನ್ನು ಕಳುಹಿಸುವ ಮುನ್ನ ಅವರಿಗೋಸ್ಕರ ಒಂದು ನಿಮಿಷ ನಿಂತು ಓದಿ ನೋಡುವುದು ಶಾಲೆಗೆ ಹೆಚ್ಚಿನ ಕೆಲಸವಲ್ಲ. ಮಕ್ಕಳ ಪುಸ್ತಕಗಳ ಮೇಲೆ ದಿನವೂ ಓಡಾಡುವ ಕೆಂಪು ಶಾಯಿಯ ಲೇಖನಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆಯೇ ಇದೆ.